ಅಜ್ಜಿ ಪೋಲೆಂಡಿನವರು. ನಮಗೆ ಅಲ್ಲಿನ ಪೌರತ್ವ ಸಿಗುತ್ತಾ? ಸಿಕ್ಕರೆ ಕಾಫಿ ತೋಟದ ಕಥೆ ಏನು?

ಅರಸೀಕೆರೆ_ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ವಿಚಿತ್ರವಾಗಿದೆ, ಆದರೆ ತಮಾಷೆ ಅಲ್ಲ. ನಮ್ಮ ಅಪ್ಪನ ತಾಯಿ ಪೋಲೆಂಡಿನವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊಲ್ಹಾಪುರದ ಪಕ್ಕ ವಳಿವಡೆಯಲ್ಲಿ ಪೋಲಿಷ್ ನಿರಾಶ್ರಿತರ ಶಿಬಿರ ಇತ್ತಲ್ಲ, 1943ರಲ್ಲಿ ತಮ್ಮ ಅಮ್ಮನ ಜೊತೆ ಅಲ್ಲಿಗೆ ಬಂದಿದ್ದರು. ಹುಟ್ಟಿದ್ದು 1926ರಲ್ಲಿ, ಲ್ವುಫ್ (ಈಗಿನ ಲ್ವಿವ್) ಹತ್ತಿರದ ಒಂದು ಹಳ್ಳಿ. ಆ ಜಾಗ ಈಗ ಉಕ್ರೇನಿನಲ್ಲಿದೆ. ತಾತ ನಮ್ಮ ಹಾಸನದ ಶೆಟ್ಟಿಹಳ್ಳಿ ಕಡೆಯ ಕ್ಯಾಥೊಲಿಕರು. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಚರ್ಚು ಮುಳುಗುತ್ತಲ್ಲ, ಅದೇ ಊರು. ರೈಲ್ವೆ ಕೆಲಸದ ಮೇಲೆ ಕೊಲ್ಹಾಪುರದಲ್ಲಿದ್ದರು. 1947ರಲ್ಲಿ ಅಲ್ಲೇ ಚರ್ಚಿನಲ್ಲಿ ಮದುವೆ ಆಯಿತು. ಶಿಬಿರ ಮುಚ್ಚಿದಾಗ ಅಜ್ಜಿಯ ತವರಿನವರು ಇಂಗ್ಲೆಂಡಿಗೆ ಹೋದರು, ಅಜ್ಜಿ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿಗೆ ಬಂದರು. ಅಪ್ಪ ಹುಟ್ಟಿದ್ದು 1949ರಲ್ಲಿ, ಅತ್ತೆ 1953ರಲ್ಲಿ. ಅಜ್ಜಿ, ತಾತ, ಅಪ್ಪ ಮೂವರೂ ಈಗಿಲ್ಲ. ಅತ್ತೆ ಚಿಕ್ಕಮಗಳೂರಿನಲ್ಲಿ ಗಟ್ಟಿಮುಟ್ಟಾಗಿ ಇದ್ದಾರೆ.

ಈಗ ನನ್ನ ತಮ್ಮ ಹಿಂದೆ ಬಿದ್ದಿದ್ದಾನೆ. ಪೋಲೆಂಡಿನ ಪೌರತ್ವ ಸಿಕ್ಕರೆ ಯುರೋಪಿನಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದಂತೆ. ಬೆಂಗಳೂರಿನ ಒಬ್ಬ ಏಜೆಂಟ್ "ಅಜ್ಜಿ ಪೋಲಿಷ್ ಅಂದ ಮೇಲೆ ಕೇಸ್ ಗ್ಯಾರಂಟಿ" ಅಂತ ತಲೆಗೆ ನಾಲ್ಕು ಲಕ್ಷ ಕೇಳುತ್ತಿದ್ದಾನೆ. ಅದರಲ್ಲಿ ಅರ್ಧ ಮುಂಗಡ ಕೊಡಬೇಕಂತೆ.

ಇನ್ನೊಂದು ಚಿಂತೆ ತೋಟದ್ದು. ಸಕಲೇಶಪುರದ ಹತ್ತಿರ ಎಂಟು ಎಕರೆ ಕಾಫಿ ತೋಟ ಇದೆ, ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಫಾರಿನ್ ಪಾಸ್‌ಪೋರ್ಟ್ ಮಾಡಿಸಿದರೆ ತೋಟದ ಆಸೆ ಬಿಟ್ಟುಬಿಡಿ ಅಂತ ಸೋದರಮಾವ ಹೆದರಿಸಿದ್ದಾರೆ.

ಕಾಗದ ಅಂತ ಇರುವುದು ಶಿಬಿರದ ಗುರುತಿನ ಚೀಟಿ, ಚರ್ಚಿನ ಮದುವೆ ಸರ್ಟಿಫಿಕೇಟು, ಒಂದು ಪೋಲಿಷ್ ಪ್ರಾರ್ಥನೆ ಪುಸ್ತಕ, ಅಷ್ಟೆ. ಗುರುತಿನ ಚೀಟಿಯನ್ನು ಇಂಗ್ಲಿಷ್ ಟೈಪ್‌ರೈಟರಿನಲ್ಲಿ ಹೊಡೆದಿದ್ದಾರೆ. ಅಜ್ಜಿಯ ಮನೆತನದ ಹೆಸರಿನಲ್ಲಿ ಒಂದು 'ಎಲ್' ಇದೆ, ಅದಕ್ಕೆ ಯಾರೋ ಶಾಯಿಯಲ್ಲಿ ಅಡ್ಡ ಗೀಟು ಎಳೆದಿದ್ದಾರೆ. ಏಜೆಂಟ್ ಅದನ್ನು ನೋಡಿ ಇದು ತಿದ್ದಿರುವ ದಾಖಲೆ, ನಡೆಯಲ್ಲ, ಬೇರೆ "ಮಾಡಿಸಬೇಕು" ಅಂದ. ಅಲ್ಲಿಂದ ನನಗೆ ಅವನ ಮೇಲೆ ಅನುಮಾನ ಶುರುವಾಗಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಬೇಲೂರು_ಟು_ವ್ರೊತ್ಸ್ವಾಫ್:

ಮೇಡಂ, ಮೊದಲು ಆ ಏಜೆಂಟ್‌ಗೆ ಕೈ ಮುಗಿದು ಕಳಿಸಿ. ಪೋಲಿಷ್‌ನಲ್ಲಿ ಅಡ್ಡ ಗೀಟಿರುವ 'ಎಲ್' ಅಂತ ಬೇರೆಯದೇ ಅಕ್ಷರ ಇದೆ. ಇಂಗ್ಲಿಷ್ ಟೈಪ್‌ರೈಟರಿನಲ್ಲಿ ಅದು ಇರಲ್ಲ, ಅದಕ್ಕೇ ಕೈಯಲ್ಲಿ ಎಳೆದಿದ್ದಾರೆ. ಅದು ತಿದ್ದಿದ್ದಲ್ಲ, ಅಸಲಿ ಅನ್ನೋದಕ್ಕೆ ಗುರುತು. ಇಷ್ಟೂ ಗೊತ್ತಿಲ್ಲದವನು ನಾಲ್ಕು ಲಕ್ಷ ಕೇಳುತ್ತಾನೆ, ಮೇಲೆ ನಕಲಿ ಕಾಗದದ ಮಾತು ಬೇರೆ.

ನಾನು ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಆಫೀಸಿನಲ್ಲೇ ಬ್ರೆಜಿಲ್, ಅರ್ಜೆಂಟೀನಾ ಕಡೆಯಿಂದ ಹೀಗೆ ತಾತನ ಕಾಗದ ಹಿಡಿದು ಬಂದವರಿದ್ದಾರೆ, ಅವರಿಂದ ಈ ವಿಷಯ ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದೆ.

ಪೋಲೆಂಡ್ ಇಷ್ಟೇ ತಲೆಮಾರು ಅಂತ ಮಿತಿ ಹಾಕಿಲ್ಲ. ಮುತ್ತಾತನಿಂದಲೂ ಬರುತ್ತದೆ. ಆದರೆ ನಡುವೆ ಒಂದು ಕೊಂಡಿಯೂ ಕಳಚಿರಬಾರದು. ಅಜ್ಜಿಗೆ ಪೌರತ್ವ ಇದ್ದರೆ ಸಾಲದು, ಅವರ ಮಗು ಹುಟ್ಟಿದ ದಿನವೂ ಇರಬೇಕು, ಅದು ಆ ಮಗುವಿಗೆ ಬಂದಿರಬೇಕು, ಆ ಮಗು ದೊಡ್ಡದಾಗಿ ಅದಕ್ಕೆ ಮಕ್ಕಳು ಹುಟ್ಟಿದ ದಿನವೂ ಉಳಿದಿರಬೇಕು. ಹಾಗಿದ್ದರೆ ಅವರು ನಿಮಗೆ ಹೊಸದಾಗಿ ಪೌರತ್ವ ಕೊಡುವುದಿಲ್ಲ, ಹುಟ್ಟಿನಿಂದಲೇ ನಿಮಗಿತ್ತು ಅಂತ ದೃಢೀಕರಿಸುತ್ತಾರೆ. ತೀರ್ಮಾನ ಮಾಡುವವನು ವೊಯೆವೊದಾ, ಅಂದರೆ ಪ್ರಾಂತ್ಯದ ಮುಖ್ಯಾಧಿಕಾರಿ. ಪೋಲೆಂಡಿನಲ್ಲಿ ಯಾವತ್ತೂ ವಾಸವಿಲ್ಲದವರ ಅರ್ಜಿ ವಾರ್ಸಾದಲ್ಲಿರುವ ಮಜೋವ್ಯೆತ್ಸ್ಕಿ ಪ್ರಾಂತ್ಯದ ಕಚೇರಿಗೆ ಹೋಗುತ್ತದೆ. ಕಾನ್ಸುಲೇಟಿನ ಮೂಲಕವೂ ಕಳಿಸಬಹುದು.

ಇಲ್ಲಿ ತಲೆಕೆಡುವುದು ತಾರೀಖುಗಳ ವಿಷಯದಲ್ಲಿ. ಒಂದೊಂದು ಘಟನೆಗೂ ಆ ದಿನ ಯಾವ ಕಾನೂನು ಜಾರಿಯಲ್ಲಿತ್ತೋ ಅದೇ ಅನ್ವಯ. ಮೊದಲ ಪೌರತ್ವ ಕಾನೂನು 1920ರ ಜನವರಿ ಕೊನೆಯಲ್ಲಿ ಜಾರಿಗೆ ಬಂತು. ಅದಕ್ಕೆ ಮುಂಚೆ 123 ವರ್ಷ ಪೋಲೆಂಡ್ ಅನ್ನೋ ದೇಶವೇ ನಕ್ಷೆಯಲ್ಲಿ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡಿದ್ದವು. ಎರಡನೆಯ ಕಾನೂನು 1951ರ ಜನವರಿ 19ಕ್ಕೆ, ಮೂರನೆಯದು 1962ರಲ್ಲಿ, ಈಗಿನದು 2012ರ ಆಗಸ್ಟ್‌ನಲ್ಲಿ ಜಾರಿಗೆ ಬಂದದ್ದು.

ಈಗ ನಿಮ್ಮ ಮನೆಯ ಲೆಕ್ಕ ನೋಡಿ. ನಿಮ್ಮ ಅಪ್ಪ ಹುಟ್ಟಿದಾಗ 1920ರ ಕಾನೂನು ಇತ್ತು. ಅದರ ಪ್ರಕಾರ ಮದುವೆಯಾದ ದಂಪತಿಯ ಮಗುವಿಗೆ ತಂದೆಯ ಪೌರತ್ವ ಮಾತ್ರ. ತಾಯಿಯದು ಬರುತ್ತಿದ್ದದ್ದು ಮದುವೆ ಇಲ್ಲದೆ ಹುಟ್ಟಿದ ಮಕ್ಕಳಿಗೆ. ನಿಮ್ಮ ತಾತ ಪೋಲಿಷ್ ಅಲ್ಲ, ಹಾಗಾಗಿ ಅಪ್ಪ ಹುಟ್ಟಿನಿಂದಲೇ ಪೋಲಿಷ್ ಅಲ್ಲ. ಅಲ್ಲಿಗೆ ನಿಮ್ಮ, ನಿಮ್ಮ ತಮ್ಮನ ದಾರಿ ಮುಚ್ಚಿತು. ಬೇಜಾರಾಗಬೇಡಿ, ಆದರೆ ಇದರಲ್ಲಿ ವಾದಕ್ಕೆ ಜಾಗ ಇಲ್ಲ.

ಅತ್ತೆ ಹುಟ್ಟಿದ್ದು 1953. ಆಗ ಹೊಸ ಕಾನೂನು ಬಂದಿತ್ತು, ತಾಯಿ ಕಡೆಯಿಂದಲೂ ಪೌರತ್ವ ಬರುತ್ತಿತ್ತು. ಒಂದೇ ಅಪ್ಪ ಅಮ್ಮ, ಒಂದೇ ಕ್ವಾರ್ಟರ್ಸ್, ನಾಲ್ಕು ವರ್ಷದ ಅಂತರ, ಅಣ್ಣನಿಗೆ ಇಲ್ಲ, ತಂಗಿಗೆ ಇರಬಹುದು! ಆದರೆ ಅದಕ್ಕೂ ಒಂದು ತೊಡಕಿದೆ. 1953ರಲ್ಲಿ ಅಜ್ಜಿ ಇನ್ನೂ ಪೋಲಿಷ್ ಆಗಿ ಉಳಿದಿದ್ದರಾ? 1920ರ ಕಾನೂನಿನಲ್ಲಿ ಬೇರೆ ದೇಶದ ಪೌರತ್ವ ಬಂದರೆ ಪೋಲಿಷ್ ಪೌರತ್ವ ಹೋಗುತ್ತಿತ್ತು, ಅದು ಮದುವೆಯಿಂದ ಬಂದರೂ ಅಷ್ಟೇ. 1947ರಲ್ಲಿ ತಾತ ಯಾವ ದೇಶದ ಪ್ರಜೆ ಅನ್ನೋದು ಇಲ್ಲಿ ಮುಖ್ಯ. ಆ ಕಾಲದ ಬ್ರಿಟಿಷ್ ಕಾನೂನಿನಲ್ಲಿ ಬ್ರಿಟಿಷ್ ಪ್ರಜೆಯನ್ನು ಮದುವೆಯಾದ ಹೆಂಗಸು ತಾನಾಗಿಯೇ ಬ್ರಿಟಿಷ್ ಪ್ರಜೆ ಆಗುತ್ತಿದ್ದಳು. ಇದಕ್ಕೆ ನಮ್ಮ ಊರಿನ ವಕೀಲರು ಯಾರಾದರೂ ಇದ್ದರೆ ಹೇಳಲಿ.

ಕಣದ_ಕಾಫಿ:

ಅಕ್ಕ ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಾ. ಗೋವಾದವರು ಪೋರ್ಚುಗಲ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಲಂಡನ್ ಸೇರಿಲ್ವಾ? ಎರಡೂ ಪಾಸ್‌ಪೋರ್ಟ್ ಇಟ್ಟುಕೊಂಡು ಆರಾಮಾಗಿದ್ದಾರೆ. ಅತ್ತೆ ಹೆಸರಲ್ಲಿ ಒಂದು ಅರ್ಜಿ ಹಾಕಿ, ಯಾರಿಗೂ ಹೇಳಬೇಡಿ, ಮುಗೀತು.

ಹಳೇ_ವಕೀಲ_ಹಾಸನ:

ಕಣದ ಕಾಫಿಯವರೇ, ಇಂಥ ಸಲಹೆ ಕೊಟ್ಟು ಆ ಹೆಣ್ಣುಮಗಳನ್ನು ಸುಮ್ನೆ ಕಷ್ಟಕ್ಕೆ ಸಿಕ್ಕಿಸಬೇಡಿ. ಗೋವಾದವರದ್ದು ಬೇರೆ ಕಥೆ. 1961ರ ಡಿಸೆಂಬರ್ 19ಕ್ಕೆ ಮುಂಚೆ ಅಲ್ಲಿ ಹುಟ್ಟಿದವರನ್ನು ಪೋರ್ಚುಗಲ್ ತನ್ನ ಪ್ರಜೆ ಅಂತ ಒಪ್ಪುತ್ತದೆ, ಅವರ ಮಕ್ಕಳು ಮೊಮ್ಮಕ್ಕಳಿಗೂ ದಾರಿ ಇದೆ. ಆದರೆ ಭಾರತದ ಕಾನೂನು ಅವರಿಗೂ ಒಂದೇ, ನಮಗೂ ಒಂದೇ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಯಾರೂ ಆದೇಶ ಹೊರಡಿಸಬೇಕಾಗಿಲ್ಲ. ಆಮೇಲೆ ಇಲ್ಲಿನ ಪಾಸ್‌ಪೋರ್ಟ್ ಒಪ್ಪಿಸಬೇಕು. ಇಟ್ಟುಕೊಂಡು ಓಡಾಡಿದರೆ ದಂಡ.

"ನಾನು ಹೊಸದಾಗಿ ಪಡೆದಿಲ್ಲ, ಹುಟ್ಟಿನಿಂದ ಇತ್ತು, ಅವರು ದೃಢೀಕರಿಸಿದರು ಅಷ್ಟೇ" ಅಂತ ವಾದ ಮಾಡಬಹುದು ಅಲ್ವಾ ಅಂತ ಕೇಳಬಹುದು. ಮಾಡಬಹುದು, ಬರೀ ದೃಢೀಕರಣದ ಕಾಗದ ಇರುವ ತನಕ. ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಆ ವಾದ ನಿಲ್ಲುವುದಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿರುವುದೇ ಸ್ವಇಚ್ಛೆಗೆ ಅಂತಿಮ ಸಾಕ್ಷಿ ಅಂತ ಪೌರತ್ವ ನಿಯಮಗಳಲ್ಲೇ ಬರೆದಿದೆ. ಆ ನಿಯಮ ಸರಿ ಅಂತ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. ಪಾಸ್‌ಪೋರ್ಟ್ ಇಲ್ಲದ ಪೌರತ್ವ ತಗೊಂಡು ನಿಮ್ಮ ತಮ್ಮ ಏನು ಮಾಡುತ್ತಾನೆ?

ತೋಟದ ವಿಷಯಕ್ಕೆ ಬರೋಣ. ನಿಮ್ಮ ಸೋದರಮಾವ ಹೇಳಿದ್ದು ಅರ್ಧ ಸರಿ. ಭಾರತದ ಪೌರತ್ವ ಬಿಟ್ಟವರು ಓಸಿಐ, ಅಂದರೆ ವಿದೇಶಿ ಪೌರತ್ವ ಇರುವ ಭಾರತ ಮೂಲದವರ ಕಾರ್ಡ್ ಮಾಡಿಸಿಕೊಳ್ಳಬಹುದು. ಅದು ಜೀವನಪೂರ್ತಿ ವೀಸಾ ಇದ್ದ ಹಾಗೆ. ವೋಟು ಇಲ್ಲ, ಸರ್ಕಾರಿ ನೌಕರಿ ಇಲ್ಲ. ಮನೆ, ಸೈಟು ಕೊಳ್ಳಬಹುದು. ಕೃಷಿ ಭೂಮಿ, ಪ್ಲಾಂಟೇಷನ್, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಕಾಫಿ ತೋಟ ಅಂದರೆ ಪ್ಲಾಂಟೇಷನ್ ಅಂತ ಬೇರೆ ಹೇಳಬೇಕಾಗಿಲ್ಲ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಯಾರು ಬೇಕಾದರೂ ಜಮೀನು ಕೊಳ್ಳಬಹುದು ಅಂತ ಕೆಲವರು ಹೇಳುತ್ತಾರೆ. ಅದು ರಾಜ್ಯದ ಕಾನೂನು. ಇದು ಕೇಂದ್ರದ ವಿದೇಶಿ ವಿನಿಮಯದ ಕಾನೂನು, ಇದು ಹಾಗೇ ಇದೆ. ಆದರೆ ಪಿತ್ರಾರ್ಜಿತವಾಗಿ ಬಂದ ತೋಟ ಇಟ್ಟುಕೊಳ್ಳುವುದಕ್ಕೆ ಅಡ್ಡಿ ಇಲ್ಲ. ಮಾರುವಾಗ ಮಾತ್ರ ಭಾರತದಲ್ಲೇ ವಾಸವಿರುವ ಭಾರತೀಯರಿಗೇ ಮಾರಬೇಕು. ಅಂದರೆ ಅಪ್ಪನ ಎಂಟು ಎಕರೆ ಎಲ್ಲೂ ಹೋಗಲ್ಲ. ಪಕ್ಕದ ಎರಡು ಎಕರೆ ಸೇರಿಸಿಕೊಳ್ಳೋಣ ಅಂದರೆ ಆಗಲ್ಲ.

ಇನ್ನು ಬೇಲೂರಿನವರು ಕೇಳಿದ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ, ನನಗೆ ರಾತ್ರಿ ನಿದ್ದೆ ಬರಲಿಲ್ಲ. ತಾತ ಹುಟ್ಟಿದ್ದು ಶೆಟ್ಟಿಹಳ್ಳಿ ಅಂದರೆ ಮೈಸೂರು ಸಂಸ್ಥಾನ. ಸಂಸ್ಥಾನದ ಜನ ಮಹಾರಾಜರ ಪ್ರಜೆಗಳು, ಬ್ರಿಟಿಷ್ ಪ್ರಜೆಗಳಲ್ಲ. ಬ್ರಿಟಿಷರ ಲೆಕ್ಕದಲ್ಲಿ ಅವರು ಬರೀ "ರಕ್ಷಿತ ವ್ಯಕ್ತಿ"ಗಳು. ಅದೇ ತಾತ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಹುಟ್ಟಿದ್ದರೆ ಬ್ರಿಟಿಷ್ ಪ್ರಜೆ ಆಗುತ್ತಿದ್ದರು, ಅಜ್ಜಿಯ ಪೋಲಿಷ್ ಪೌರತ್ವಕ್ಕೆ ಮದುವೆ ದಿನವೇ ಮಂಗಳ ಹಾಡಬೇಕಾಗಿತ್ತು. ಹಾಗಾಗಿ 1947ರ ಮದುವೆಯಿಂದ ಪೌರತ್ವ ಹೋಗಲಿಲ್ಲ ಅಂತ ವಾದಿಸಲು ಒಂದು ಒಳ್ಳೆಯ ಹಿಡಿ ಸಿಕ್ಕಿತು.

ಆದರೆ ಖುಷಿ ಪಡಬೇಡಿ, ಮುಂದೆ ಇದಕ್ಕಿಂತ ದೊಡ್ಡ ಗುಂಡಿ ಇದೆ. 1950ರ ಜನವರಿ 26. ಸಂವಿಧಾನದ 5ನೇ ವಿಧಿ ಓದಿ. ಆ ದಿನ ಭಾರತದಲ್ಲಿ ಕಾಯಂ ನೆಲೆಸಿದ್ದು, ಅದಕ್ಕೆ ಹಿಂದಿನ ಐದು ವರ್ಷ ಇಲ್ಲೇ ವಾಸವಿದ್ದವರು ತಾನಾಗಿಯೇ ಭಾರತದ ಪೌರರು. ಅರ್ಜಿ ಬೇಡ, ಸಹಿ ಬೇಡ. ಅಜ್ಜಿ 1943ರಿಂದ ಇಲ್ಲಿದ್ದಾರೆ, ಗಂಡನ ಮನೆ ಇಲ್ಲೇ. ಪೂರ್ತಿ ಹೊಂದುತ್ತದೆ. ಪೋಲೆಂಡಿನಲ್ಲಿ ಆಗ ಯಾವ ಕಾನೂನು? ಇನ್ನೂ 1920ರದ್ದೇ! ಹೊಸದು ಬರಲು ಒಂದು ವಾರ ಕಡಿಮೆ ಒಂದು ವರ್ಷ ಇತ್ತು. ಹಳೆಯ ಕಾನೂನಿನಲ್ಲಿ ಬೇರೆ ಪೌರತ್ವ ಬಂದರೆ ಪೋಲಿಷ್ ಹೋಯಿತು. 1951ರ ಕಾನೂನಿನಲ್ಲಾದರೆ ಪೋಲಿಷ್ ಸರ್ಕಾರದ ಅನುಮತಿ ಇಲ್ಲದೆ ಹೋಗುತ್ತಿರಲಿಲ್ಲ. ಗಂಡಸರಿಗಾದರೆ ಹಳೆಯ ಕಾನೂನಿನಲ್ಲೂ ಒಂದು ರಕ್ಷಣೆ ಇತ್ತು. ಸೈನ್ಯದ ಸೇವೆಯ ಬಾಧ್ಯತೆ ಇದ್ದವರನ್ನು ಅದರಿಂದ ಬಿಡುಗಡೆ ಮಾಡುವ ತನಕ ಪೋಲೆಂಡ್ ತನ್ನ ಪೌರರೆಂದೇ ಎಣಿಸುತ್ತಿತ್ತು. ಹೆಂಗಸರಿಗೆ ಅದೂ ಇಲ್ಲ.

ಅಜ್ಜಿ ಕೇಳಿ ಪಡೆದದ್ದಲ್ಲ, ಸಂವಿಧಾನವೇ ಕೊಟ್ಟಿದ್ದು ಅಂತ ಅಲ್ಲಿನ ವಕೀಲರು ಹೋರಾಡಬಹುದು. ಅದು ವಾದ, ಗ್ಯಾರಂಟಿ ಅಲ್ಲ. ಅತ್ತೆಯ ಪೌರತ್ವ ಆ ಒಂದು ವಾದದ ಮೇಲೆ ನಿಂತಿದೆ.

ಅರಸೀಕೆರೆ_ಮೊಮ್ಮಗಳು:

ಸರ್, ಇಬ್ಬರಿಗೂ ತುಂಬ ಥ್ಯಾಂಕ್ಸ್. ನಮ್ಮ ಗಣರಾಜ್ಯೋತ್ಸವದ ದಿನ ಅಜ್ಜಿಯ ಪೌರತ್ವಕ್ಕೆ ಕುತ್ತು ತಂದಿರಬಹುದು ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ರಿಟೈರ್ಡ್ ಟೀಚರ್. "ನನಗೆ ಪೆನ್ಷನ್ ಕೊಡುತ್ತಿರುವುದು ಕರ್ನಾಟಕ ಸರ್ಕಾರ, ಈ ವಯಸ್ಸಿನಲ್ಲಿ ಪೋಲೆಂಡ್ ಕಟ್ಟಿಕೊಂಡು ಏನು ಮಾಡಲಿ, ನಿನ್ನ ತಮ್ಮನಿಗೆ ಬೇಕಾದರೆ ಅವನೇ ನೋಡಿಕೊಳ್ಳಲಿ" ಅಂದರು. ಅವರ ಮಗನಿಗೂ ಆಸಕ್ತಿ ಇಲ್ಲ. ಹಾಗಾಗಿ ಆ ವಾದ ಮಾಡುವವರು ಯಾರೂ ಇಲ್ಲ.

ತಮ್ಮ ಮುಖ ಸಪ್ಪಗೆ ಮಾಡಿಕೊಂಡಿದ್ದಾನೆ. ಅವನಿಗೆ ನಿಜವಾಗಿ ಬೇಕಿರುವುದು ಅಲ್ಲಿ ಹೋಗಿ ಓದಿ ಕೆಲಸ ಹಿಡಿಯುವುದು. ಪೌರತ್ವ ಬಿಟ್ಟು ಬೇರೆ ಯಾವ ದಾರಿಯೂ ಇಲ್ವಾ? ಅಜ್ಜಿ ಪೋಲಿಷ್ ಅನ್ನೋದಕ್ಕೆ ಏನೂ ಬೆಲೆ ಇಲ್ವಾ?

ಹಾಗೇ ಕೇಳುತ್ತೇನೆ, ಶಿಬಿರ ಅಂದ ತಕ್ಷಣ ಎಲ್ಲರೂ ಜಾಮ್‌ನಗರದ ಮಹಾರಾಜರು ಸಾಕಿದ ಮಕ್ಕಳಾ ಅಂತಾರೆ. ಅದೇ ಇದಾ?

ಹಳೆ_ಕಾಗದ_ಹುಡುಕುವವ:

ಅದಲ್ಲ ಮೇಡಂ. ಜಾಮ್‌ಸಾಹೇಬ್ ದಿಗ್ವಿಜಯಸಿಂಹಜಿ 1942ರಲ್ಲಿ ಮಾಡಿಸಿದ್ದು ಜಾಮ್‌ನಗರದ ಹತ್ತಿರದ ಬಾಲಾಚಡಿಯ ಶಿಬಿರ. ಅದು ಮಕ್ಕಳಿಗೆ, ಅವರಲ್ಲಿ ತುಂಬ ಜನ ಅನಾಥರು. ವಾರ್ಸಾದಲ್ಲಿ "ಒಳ್ಳೆಯ ಮಹಾರಾಜರ" ಹೆಸರಿನ ಚೌಕವೇ ಇದೆ. ವಳಿವಡೆ ದೊಡ್ಡ ಶಿಬಿರ. 1943ರಿಂದ 1948ರ ತನಕ ಇತ್ತು, ಸುಮಾರು 5000 ಜನ ಇದ್ದರು, ಹೆಚ್ಚಿನವರು ಹೆಂಗಸರು ಮಕ್ಕಳು. ಅಲ್ಲೇ ಸ್ಕೂಲು, ಚರ್ಚು, ಆಸ್ಪತ್ರೆ, ಥಿಯೇಟರ್ ಎಲ್ಲ ಇತ್ತು. ಇವರೆಲ್ಲ ಪೂರ್ವ ಪೋಲೆಂಡಿನವರು. 1940-41ರಲ್ಲಿ ಸೋವಿಯತ್‌ನವರು ರೈಲಿಗೆ ತುಂಬಿ ಸೈಬೀರಿಯಾ, ಕಜಕಸ್ತಾನಕ್ಕೆ ಸಾಗಿಸಿದ್ದರು. 1941ರಲ್ಲಿ ಹಿಟ್ಲರ್ ಸೋವಿಯತ್ ಮೇಲೆ ಬಿದ್ದ ಮೇಲೆ ಬಿಡುಗಡೆ ಆಗಿ, ಜನರಲ್ ಆಂಡರ್ಸ್ ಅವರ ಪೋಲಿಷ್ ಸೈನ್ಯದ ಜೊತೆ ಇರಾನಿಗೆ ಬಂದು, ಅಲ್ಲಿಂದ ಭಾರತಕ್ಕೆ ಬಂದವರು. ಅಜ್ಜಿಯ ಅಪ್ಪ ಜೊತೆಯಲ್ಲಿರಲಿಲ್ಲ ಅಂದರೆ ಸೈನ್ಯದಲ್ಲಿದ್ದಿರಬಹುದು, ಅದನ್ನೂ ಹುಡುಕಿ. ತವರಿನವರು ಇಂಗ್ಲೆಂಡಿಗೆ ಹೋದರು ಅಂದಿರಲ್ಲ, ಹೆಚ್ಚಾಗಿ ಹಾಗೆ ಹೋದವರು ಸೈನಿಕರ ಕುಟುಂಬದವರೇ.

ಕಾಗದ ಎಲ್ಲಿ ಸಿಗುತ್ತದೆ ಅನ್ನೋದು ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಪೌರತ್ವ ಬೇಡ ಅಂದರೂ ಅಜ್ಜಿ ಪೋಲಿಷ್ ಅಂತ ತೋರಿಸಲು ಇವೆಲ್ಲ ಬೇಕಾಗುತ್ತದೆ.

ಮೊದಲು ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ಪೋಲೆಂಡಿನ ರಾಷ್ಟ್ರೀಯ ಸ್ಮರಣೆ ಸಂಸ್ಥೆ ಸೋವಿಯತ್ ದಮನಕ್ಕೆ ಸಿಕ್ಕವರ ಹೆಸರಿನ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಹಾಕಿದೆ. ಹೆಸರು, ಹುಟ್ಟಿದ ವರ್ಷ, ತಂದೆಯ ಹೆಸರು ಹಾಕಿ ಹುಡುಕಿ. ಒಂದು ಎಚ್ಚರ. ಪೋಲಿಷ್ ಮನೆತನದ ಹೆಸರು ತಂದೆಗೆ 'ಸ್ಕಿ' ಅಂತ ಮುಗಿದರೆ ಮಗಳಿಗೆ 'ಸ್ಕಾ' ಅಂತ ಮುಗಿಯುತ್ತದೆ. ನಮ್ಮ ಕಡೆ ಕಚೇರಿಯಲ್ಲಿ ಅಪ್ಪ ಮಗಳ ಹೆಸರು ತಾಳೆ ಆಗ್ತಿಲ್ಲ ಅಂತ ಗುಮಾಸ್ತರು ವಾಪಸ್ ಕಳಿಸಿಯಾರು, ಅಫಿಡವಿಟ್ ಇಟ್ಟುಕೊಂಡಿರಿ.

ಹುಟ್ಟಿದ ದಾಖಲೆಗೆ ಹಳ್ಳಿಯ ಚರ್ಚಿನ ಪುಸ್ತಕ ಬೇಕು. ಈಗಿನ ಉಕ್ರೇನಿಗೆ ಸೇರಿದ ಆ ಕಡೆಯ ಚರ್ಚು ಪುಸ್ತಕಗಳಲ್ಲಿ ತುಂಬ ವಾರ್ಸಾಕ್ಕೆ ಬಂದಿವೆ. ಹಳೆಯವು ಹಳೆ ದಾಖಲೆಗಳ ಮುಖ್ಯ ಸಂಗ್ರಹದಲ್ಲಿ, ಇತ್ತೀಚಿನವು ವಾರ್ಸಾ ನಗರದ ಜನನ ಮರಣ ನೋಂದಣಿ ಕಚೇರಿಯಲ್ಲಿ ಇವೆ. 1926 ಅಂದರೆ ನೂರು ವರ್ಷದ ಗಡಿಯಲ್ಲಿದೆ, ಎರಡೂ ಕಡೆ ಕೇಳಿ. ಅಲ್ಲಿ ಇಲ್ಲದಿದ್ದರೆ ಲ್ವಿವ್‌ನ ರಾಜ್ಯ ಐತಿಹಾಸಿಕ ಸಂಗ್ರಹಕ್ಕೆ ಬರೆಯಿರಿ.

ಶಿಬಿರದ ಕಾಲದ್ದಕ್ಕೆ ಲಂಡನ್ನಿನ ಸಿಕೋರ್ಸ್ಕಿ ಮ್ಯೂಸಿಯಂ ಇದೆ. ಯುದ್ಧದ ಕಾಲದ ಪೋಲಿಷ್ ಸರ್ಕಾರ ಲಂಡನ್ನಿನಿಂದಲೇ ನಡೆಯುತ್ತಿತ್ತು, ಆ ಕಾಗದಗಳು ಅಲ್ಲಿವೆ. ಆಗ ಬಾಂಬೆಯಲ್ಲಿ ಪೋಲಿಷ್ ಕಾನ್ಸುಲೇಟ್ ಕೂಡ ಇತ್ತು. ಅಲ್ಲಿಂದ ಅಜ್ಜಿಗೋ ಅವರ ಅಮ್ಮನಿಗೋ ಪಾಸ್‌ಪೋರ್ಟ್ ಕೊಟ್ಟಿದ್ದರೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಇಂಗ್ಲೆಂಡಿನ ನೆಂಟರನ್ನು ಕೇಳಿ. ಇಂಥ ಕಾಗದ ಅವರ ಅಟ್ಟದ ಮೇಲೆ ಇರುವ ಸಾಧ್ಯತೆ ಜಾಸ್ತಿ.

ತಾತನ ಜ್ಞಾನಸ್ನಾನದ ದಾಖಲೆ ಬೇಕಾದರೆ ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿಗೆ ಹೋಗಿ ಪ್ರಯೋಜನ ಇಲ್ಲ, ಫೋಟೋ ತೆಗೆಯುವವರು ಬಿಟ್ಟರೆ ಅಲ್ಲಿ ಯಾರೂ ಸಿಗಲ್ಲ! ಹಾಸನ ಜಿಲ್ಲೆ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು, ಆ ಕಚೇರಿಯಲ್ಲಿ ಕೇಳಿ, ಹಳೆ ರಿಜಿಸ್ಟರ್ ಯಾವ ಚರ್ಚಿನಲ್ಲಿದೆ ಅಂತ ಹೇಳುತ್ತಾರೆ.

ಬೇಲೂರು_ಟು_ವ್ರೊತ್ಸ್ವಾಫ್:

ದಾರಿ ಇದೆ ಮೇಡಂ, ನಿಮ್ಮಂಥವರಿಗೆ ಅಂತಲೇ ಇರುವ ದಾರಿ. ಅದರ ಹೆಸರು ಕಾರ್ತಾ ಪೊಲಾಕಾ. ಮೊದಲು ಹಳೆಯ ಸೋವಿಯತ್ ಕಡೆಯ ದೇಶದವರಿಗೆ ಮಾತ್ರ ಕೊಡುತ್ತಿದ್ದರು, 2019ರಿಂದ ಪ್ರಪಂಚದ ಯಾವ ದೇಶದವರಾದರೂ ಅರ್ಜಿ ಹಾಕಬಹುದು. ತಂದೆ ತಾಯಿಯಲ್ಲಿ ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರು ಪೋಲಿಷ್ ಜನಾಂಗದವರು ಅಥವಾ ಪೋಲಿಷ್ ಪೌರರಾಗಿದ್ದರೆ ಸಾಕು. ಕೊಂಡಿ ಕಳಚಿತಾ ಇಲ್ವಾ, ಹುಟ್ಟಿದ್ದು 1949ರಲ್ಲಾ 1953ರಲ್ಲಾ, ಮೈಸೂರಾ ಹುಬ್ಬಳ್ಳಿಯಾ, ಇದ್ಯಾವುದೂ ಇಲ್ಲಿ ಬರಲ್ಲ. ಅಜ್ಜಿ ಆಮೇಲೆ ಭಾರತದ ಪೌರರಾದರೂ ತೊಂದರೆ ಇಲ್ಲ. ನೀವೂ ನಿಮ್ಮ ತಮ್ಮನೂ ಇಬ್ಬರೂ ಬರುತ್ತೀರಿ. ನಿಮ್ಮ ಮಕ್ಕಳು ದೊಡ್ಡವರಾಗಿ ತಾವೇ ಕೇಳಿದರೆ ಮಾತ್ರ ಕಷ್ಟ. ಆ ತಲೆಮಾರಿಗೆ ಮುತ್ತಜ್ಜ ಮುತ್ತಜ್ಜಿಯರಲ್ಲಿ ಇಬ್ಬರು ಪೋಲಿಷ್ ಇರಬೇಕು.

ಎಲ್ಲಕ್ಕಿಂತ ಮುಖ್ಯ ಮಾತು, ಇದು ಪೌರತ್ವ ಅಲ್ಲ. ಕಾರ್ಡ್ ಪಡೆದರೆ ಪೋಲಿಷ್ ಪೌರತ್ವ ಬಂದ ಹಾಗಲ್ಲ ಅಂತ ಆ ಕಾನೂನಿನಲ್ಲೇ ಬರೆದಿದೆ. ನಿಮ್ಮ ಭಾರತದ ಪಾಸ್‌ಪೋರ್ಟ್ ಜೇಬಿನಲ್ಲೇ ಇರುತ್ತದೆ. ವೀಸಾ ಬೇಕು, ಆದರೆ ಆ ವೀಸಾಕ್ಕೆ ಫೀಸಿಲ್ಲ. ವರ್ಕ್ ಪರ್ಮಿಟ್ ಇಲ್ಲದೆ ಕೆಲಸ ಮಾಡಬಹುದು, ಅಂಗಡಿ ಕಂಪನಿ ತೆರೆಯಬಹುದು, ಸರ್ಕಾರಿ ಯೂನಿವರ್ಸಿಟಿಯಲ್ಲಿ ಪೂರ್ಣಾವಧಿ ಓದಿಗೆ ಫೀಸಿಲ್ಲ. ನಾನು ಇಲ್ಲಿ ಒಂದೊಂದು ಪರ್ಮಿಟ್‌ಗೂ ಕಚೇರಿ ಅಲೆದವನು, ಹೊಟ್ಟೆ ಉರಿಯುತ್ತದೆ ನಿಜ ಹೇಳಬೇಕು ಅಂದರೆ. ಒಂದು ಮಿತಿ ಇದೆ. ಇದು ಪೋಲೆಂಡಿಗೆ ಮಾತ್ರ. ಜರ್ಮನಿಯಲ್ಲಿ ಹೋಗಿ ಕೆಲಸ ಮಾಡ್ತೀನಿ ಅಂದರೆ ನಡೆಯಲ್ಲ.

ಕಾರ್ಡ್ ಹಿಡಿದು ಇಲ್ಲಿ ಬಂದು ನೆಲೆಸುವ ಮನಸ್ಸಿದ್ದರೆ ಕಾಯಂ ವಾಸದ ಪರವಾನಗಿ ಸಿಗುತ್ತದೆ. ಅದಾಗಿ ಒಂದು ವರ್ಷ ಇಲ್ಲೇ ಇದ್ದು, ಭಾಷೆಯ ಬಿ1, ಅಂದರೆ ಮಧ್ಯಮ ಮಟ್ಟದ ಪರೀಕ್ಷೆ ಪಾಸಾದರೆ ಪೌರತ್ವಕ್ಕೂ ಕೇಳಬಹುದು. ಆಗ ತಮ್ಮ ಯೋಚನೆ ಮಾಡಲಿ, ಇಲ್ಲಿನ ಪಾಸ್‌ಪೋರ್ಟಾ, ಭಾರತದ್ದಾ ಅಂತ. ಈಗಲೇ ತೀರ್ಮಾನ ಮಾಡಬೇಕಾಗಿಲ್ಲ.

ಕಷ್ಟ ಇರುವುದು ಇಂಟರ್‌ವ್ಯೂನಲ್ಲಿ. ಕಾನ್ಸುಲ್ ಎದುರು ಕೂತು ಪೋಲಿಷ್‌ನಲ್ಲಿ ಮಾತಾಡಬೇಕು. ಸರಳವಾಗಿ ಮಾತಾಡಿದರೂ ಸಾಕು, ಆದರೆ ಬಾಯಿಪಾಠ ಮಾಡಿಕೊಂಡು ಹೋದರೆ ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ಹಬ್ಬ, ಪದ್ಧತಿ, ಇತಿಹಾಸ ಕೇಳುತ್ತಾರೆ. ಪೋಲಿಷ್ ಜನರಿಗೆ ಸೇರಿದವನು ಅಂತ ಲಿಖಿತ ಘೋಷಣೆಗೆ ಸಹಿ ಹಾಕಬೇಕು. ಪೋಲಿಷ್ ಸುಲಭದ ಭಾಷೆ ಅಲ್ಲ. ನಮ್ಮ ಹಾಗೆ ವಿಭಕ್ತಿ ಪ್ರತ್ಯಯ ಇದೆ, ಏಳು. ಅದು ಕನ್ನಡದವರಿಗೆ ಅನುಕೂಲ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ, ಯಾರೂ ನಂಬಲ್ಲ. ಒಂದು ವರ್ಷ ಕೊಡಿ ತಮ್ಮನಿಗೆ.

ದೆಹಲಿಯಲ್ಲಿ ರಾಯಭಾರ ಕಚೇರಿ, ಮುಂಬೈಯಲ್ಲಿ ಕಾನ್ಸುಲೇಟ್ ಇದೆ. ಎಲ್ಲಿ ಅರ್ಜಿ ಹಾಕಬೇಕು ಅಂತ ಮೇಲ್ ಮಾಡಿ ಕೇಳಿ.

ಕಣದ_ಕಾಫಿ:

ಘೋಷಣೆಗೆ ಸಹಿ ಹಾಕಿದರೆ ಇಲ್ಲಿ ದೇಶದ್ರೋಹ ಅಂತ ಕೇಸ್ ಹಾಕಲ್ವಾ? ಸೀರಿಯಸ್ ಆಗಿ ಕೇಳ್ತಿದೀನಿ ಗುರುಗಳೇ, ಈ ಸಲ ತಮಾಷೆ ಅಲ್ಲ.

ಹಳೇ_ವಕೀಲ_ಹಾಸನ:

ಇಲ್ಲಪ್ಪ. ಮೂಲದ ವಿಷಯ ಬೇರೆ, ಪೌರತ್ವ ಬೇರೆ. ಪೌರತ್ವ ಕೊಡದ ಕಾರ್ಡಿಗೆ 9ನೇ ಕಲಂ ತಗಲುವುದಿಲ್ಲ. ಆಮೇಲೆ ಅಲ್ಲಿ ಪೌರತ್ವಕ್ಕೆ ಅರ್ಜಿ ಹಾಕಿ ಪಡೆದರೆ ಆಗ ತಗಲುತ್ತದೆ. ತಮ್ಮನೋ ಅಕ್ಕನೋ ಸರ್ಕಾರಿ ನೌಕರಿಯಲ್ಲಿದ್ದರೆ ಮಾತ್ರ ಇಲಾಖೆಗೆ ಬರೆದು ತಿಳಿಸಿಯೇ ಮುಂದುವರಿಯಿರಿ.

ಅರಸೀಕೆರೆ_ಮೊಮ್ಮಗಳು:

ಕಾರ್ತಾ ಪೊಲಾಕಾ ಬಗ್ಗೆ ಏಜೆಂಟ್ ಒಂದು ಮಾತೂ ಹೇಳಲಿಲ್ಲ ನೋಡಿ. ಅದರಲ್ಲಿ ಅವನಿಗೆ ಗಿಟ್ಟುವುದು ಏನೂ ಇಲ್ಲ ಅಂತ ಈಗ ಅರ್ಥ ಆಯಿತು.

ಪದ್ಧತಿ ಕೇಳುತ್ತಾರೆ ಅಂದಿರಲ್ಲ. ಅಜ್ಜಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಮೇಜಿನ ಬಟ್ಟೆ ಕೆಳಗೆ ಭತ್ತದ ಹುಲ್ಲು ಹರಡುತ್ತಿದ್ದರು. ಒಂದು ತಟ್ಟೆ ಜಾಸ್ತಿ ಇಡುತ್ತಿದ್ದರು, ಅದರಲ್ಲಿ ಯಾರೂ ಊಟ ಮಾಡುವಂತಿರಲಿಲ್ಲ. ಅವತ್ತು ಮಾಂಸ ಇಲ್ಲ, ಮೀನು ಮಾತ್ರ. ಕೆರೆ ಮೀನು ಸಿಗದಿದ್ದರೆ ರೈಲಲ್ಲಿ ಬಂದ ಮೀನಿಗೆ ತಾತ ಸ್ಟೇಷನ್ನಿಗೆ ಓಡಬೇಕಾಗಿತ್ತು ಅಂತ ಅತ್ತೆ ಹೇಳುತ್ತಾರೆ. ಇವೆಲ್ಲ ಪೋಲಿಷ್ ಪದ್ಧತಿಯಾ ಇಲ್ಲ ಅಜ್ಜಿಯದೇ ಏನಾದರೂ ಹರಕೆಯಾ ಅಂತ ನಮಗೆ ಗೊತ್ತಿರಲಿಲ್ಲ.

ಬೇಲೂರು_ಟು_ವ್ರೊತ್ಸ್ವಾಫ್:

ಶುದ್ಧ ಪೋಲಿಷ್! ಇಲ್ಲಿ ಒಣ ಹುಲ್ಲು ಇಡುತ್ತಾರೆ, ಅಜ್ಜಿಗೆ ಸಿಕ್ಕಿದ್ದು ಭತ್ತದ್ದು. ಆ ಜಾಸ್ತಿ ತಟ್ಟೆ ಹೇಳದೆ ಬರುವ ಅತಿಥಿಗೆ. ಡಿಸೆಂಬರ್ 24ರ ಆ ಊಟಕ್ಕೆ ವಿಗಿಲ್ಯಾ ಅಂತಾರೆ. ಊಟಕ್ಕೆ ಮುಂಚೆ ತೆಳ್ಳನೆಯ ಬಿಳಿ ಹಾಳೆಯಂಥ ರೊಟ್ಟಿ ಮುರಿದು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ಅದನ್ನೂ ಅಜ್ಜಿ ಮಾಡುತ್ತಿದ್ದರಾ ಅಂತ ಅತ್ತೆಯನ್ನು ಕೇಳಿ. ಇದನ್ನೆಲ್ಲ ತಮ್ಮ ಇಂಟರ್‌ವ್ಯೂನಲ್ಲಿ ಪೋಲಿಷ್‌ನಲ್ಲಿ ಹೇಳುವಷ್ಟು ಕಲಿತರೆ ಪುಸ್ತಕ ಓದಿಕೊಂಡು ಬಂದವರಿಗಿಂತ ಅವನ ಮಾತಿಗೆ ತೂಕ ಜಾಸ್ತಿ. ಅತ್ತೆ ಹೇಳುವುದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಸಿ.

ಹಳೇ_ವಕೀಲ_ಹಾಸನ:

ಕೊನೆಯದಾಗಿ ಒಂದು, ಯಾರೂ ಕೇಳಲಿಲ್ಲ ಆದರೂ ಹೇಳುತ್ತೇನೆ. ಪಹಣಿ ಇನ್ನೂ ಅಪ್ಪನ ಹೆಸರಲ್ಲಿದೆ ಅಂದಿರಿ. ತಮ್ಮ ಪೋಲಿಷ್ ಕ್ಲಾಸಿಗೆ ಸೇರುವ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳಿ. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಆಧಾರ್ ತಗೊಂಡು ನಾಡಕಚೇರಿಗೆ ಹೋಗಿ. ನೀವು ಕ್ರೈಸ್ತರಾದ್ದರಿಂದ ನಿಮಗೆ 1925ರ ಉತ್ತರಾಧಿಕಾರ ಕಾಯ್ದೆ. ಅಪ್ಪ ಉಯಿಲು ಬರೆದಿಲ್ಲದಿದ್ದರೆ ಅಮ್ಮನಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ನಿಮಗೂ ತಮ್ಮನಿಗೂ ಸಮ. ಅವನು ಹೊರದೇಶ ಸೇರಿದ ಮೇಲೆ ಒಂದು ಸಹಿಗೆ ಪವರ್ ಆಫ್ ಅಟಾರ್ನಿ, ಅದಕ್ಕೆ ದೃಢೀಕರಣ ಅಂತ ತಿಂಗಳುಗಟ್ಟಲೆ ಹಿಡಿಯುತ್ತದೆ. ಊರಲ್ಲಿರುವಾಗ ಒಂದೇ ದಿನದಲ್ಲಿ ಎಲ್ಲರ ಸಹಿ ಆಗುತ್ತದೆ.

ಅರಸೀಕೆರೆ_ಮೊಮ್ಮಗಳು:

ಸೋಮವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಸರ್. ಏಜೆಂಟ್‌ಗೆ ಬೇಡ ಅಂತ ಮೆಸೇಜ್ ಹಾಕಿದೆ, ಎರಡು ಲಕ್ಷಕ್ಕೆ ಇಳಿದಿದ್ದಾನೆ.